ಜ್ವರವು ನೆತ್ತಿಗೇರುವುದೆಂದರೇನು?

ಜ್ವರದಲ್ಲಿ ಮಲಗಿದವನು ಎದುರಿಗಿರುವವರ ಗುರುತು ತಪ್ಪಿ ಅಸಂಬದ್ಧವಾಗಿ ಮಾತನಾಡತೊಡಗಿದರೆ “ಜ್ವರ ನೆತ್ತಿಗೇರಿತು” ಎನ್ನುವುದು ನಮ್ಮ ನಾಡಿನಲ್ಲಿ ಬಹುಕಾಲದಿಂದ ಬಂದ ಮಾತು. ಇದನ್ನೇ ಸನ್ನಿಯೆಂದೂ ಹೇಳುವರು. ಆಯುರ್ವೇದದ ಸನ್ನಿಪಾತ ಶಬ್ದವು ಜನರ ಬಾಯಲ್ಲಿ ಸವೆದು ಹೀಗಾಯಿತು. ಪ್ರಾಚೀನ ವೈದ್ಯರು ಬಿಟ್ಟುಬಿಟ್ಟು ಬರುವ ಜ್ವರಗಳನ್ನು ವಿಷಮಜ್ವರವೆಂಬ ಹೆಸರಿನಿಂದ ಪ್ರತ್ಯೇಕಿಸಿ, ಅವು ಮರಳುವ ಕಾಲವನ್ನನುಸರಿಸಿ ಸಂತತ, ಸತತ, ಅನ್ಯೇದ್ಯುಷ್ಕ, ತೃತೀಯಕ, ಚತುರ್ಥಕವೆಂದು ವಿಂಗಡಿಸಿದ್ದರು. ಲಕ್ಷಣವನ್ನು ಅವರು ಸರಿಯಾಗಿಯೇ ಕಂಡಿದ್ದರು. ಆದರೆ ನೆತ್ತಿಗೇರುವ ಆ ವಸ್ತು ಯಾವುದು, ಅದು ಏರಿ ಮಿದುಳಿನ ಒಳಕ್ಕೆ ಹೋಗುವುದೋ ಅಥವಾ ಬಾಗಿಲಲ್ಲಿಯೇ ನಿಲ್ಲುವುದೋ ಎಂಬ ಪ್ರಶ್ನೆಗೆ ಉತ್ತರವು ದೊರೆಯತೊಡಗಿದ್ದು ಈಚಿನ ಒಂದು ಶತಮಾನದಲ್ಲಿ. ದೊರೆತ ಉತ್ತರವಾದರೋ ಪ್ರಶ್ನೆಗಿಂತಲೂ ವಿಚಿತ್ರವಾದುದು. ವೈದ್ಯಶಾಸ್ತ್ರದ ವಿಷಯವೊಂದನ್ನು ಸಾಹಿತ್ಯಾಭ್ಯಾಸಿಗಳ ಮುಂದಿಡಲು ಕಾರಣವೇನೆಂದು ಕೇಳಬಹುದು. ಈ ವಿಚಾರದಲ್ಲಿ ಒಂದು ಶಬ್ದದ ಆಯ್ಕೆಯು ತತ್ತ್ವವನ್ನು ಮರೆಮಾಡಿತೆಂದು ನನಗೆ ತೋರುತ್ತದೆ. ಶಬ್ದದ ಪರಾಮರ್ಶೆಯು ಈ ಪತ್ರಿಕೆಯ ವಾಚಕರ ಅಧಿಕಾರದಲ್ಲಿರುವುದಷ್ಟೆ.

ಮಂಗಳೂರಿನವರಿಗೆ ಇದು ಕೇವಲ ಪುಸ್ತಕದ ವಿಚಾರವಲ್ಲ. 1990ರ ದಶಕದ ಆದಿಭಾಗದಿಂದ ಮಲೇರಿಯಾ ಈ ಪಟ್ಟಣದಲ್ಲಿ ಮತ್ತೆ ತಲೆಯೆತ್ತಿತು. ಊರು ಬೆಳೆಯಿತು, ಬಹು ಅಂತಸ್ತಿನ ಕಟ್ಟಡಗಳು ಎದ್ದವು, ಕಾಂಕ್ರೀಟು ಒಣಗದಿರಲೆಂದು ನಿಲ್ಲಿಸಿದ ನೀರು, ಮಾಳಿಗೆಯ ಮೇಲಣ ತೊಟ್ಟಿಗಳು, ಮುಚ್ಚಳವಿಲ್ಲದ ಬಾವಿಗಳು ಇವೆಲ್ಲವೂ ಅನಾಫಿಲೀಸ್ ಸ್ಟೀಫೆನ್ಸೈ ಎಂಬ ಸೊಳ್ಳೆಗೆ ತವರಾದವು. ಈ ಸೊಳ್ಳೆಗೆ ಕೊಳಚೆಯ ನೀರು ಬೇಡ, ತಿಳಿನೀರೇ ಬೇಕು. ದೂರದ ಪ್ರಾಂತಗಳಿಂದ ಕಟ್ಟಡದ ಕೆಲಸಕ್ಕೆಂದು ಬಂದವರ ರಕ್ತದಲ್ಲಿ ರೋಗಾಣುವೂ ಬರುತ್ತಿತ್ತು. ನೇತ್ರಾವತಿ ಫಲ್ಗುಣಿಗಳ ನಡುವಣ ಈ ಊರಿನ ಮಳೆಗಾಲದ ತೇವವು ಉಳಿದುದನ್ನು ಒದಗಿಸಿಕೊಟ್ಟಿತು. 1848ರಲ್ಲಿ ಸ್ಥಾಪಿತವಾದ ವೆನ್ಲಾಕ್ ಆಸ್ಪತ್ರೆಯ ಹಾಸಿಗೆಗಳು ಮಳೆಗಾಲದಲ್ಲಿ ಈ ಜ್ವರದವರಿಂದ ತುಂಬುತ್ತಿದ್ದುದನ್ನು ಊರಿನ ಹಿರಿಯರೆಲ್ಲರೂ ಬಲ್ಲರು. 2015ರ ಅಕ್ಟೋಬರಿನಲ್ಲಿ ಪ್ರತಿಯೊಬ್ಬ ರೋಗಿಯ ವಿವರವನ್ನೂ ಗಣಕದಲ್ಲಿ ದಾಖಲಿಸಿ, ಮನೆಯವರೆಗೂ ಹೋಗಿ ಸುತ್ತಣ ಸೊಳ್ಳೆಯ ನೆಲೆಗಳನ್ನು ಹುಡುಕುವ ವ್ಯವಸ್ಥೆಯು ಆರಂಭವಾದ ಮೇಲೆ ರೋಗವು ಗಣನೀಯವಾಗಿ ಇಳಿಯಿತು.

ಮಂಗಳೂರಿನ ಮಲೇರಿಯಾದಲ್ಲಿ ಹೆಚ್ಚಿನ ಪಾಲು ಪ್ಲಾಸ್ಮೋಡಿಯಮ್ ವೈವಾಕ್ಸ್ ಎಂಬ ಅಣುಜೀವಿಯದು. ಕಡಮೆಯ ಪಾಲು ಫಾಲ್ಸಿಪಾರಮ್ ಎಂಬುದರದು. ನೆತ್ತಿಗೇರುವ ಜ್ವರವೆಂದರೆ ಮುಖ್ಯವಾಗಿ ಈ ಎರಡನೆಯದು. ಚಳಿ, ನಡುಕ, ಬೆವರುಗಳಲ್ಲಿ ಮುಗಿಯಬೇಕಾಗಿದ್ದ ಜ್ವರವು ಒಂದೆರಡು ದಿನಗಳಲ್ಲಿ ಮೈಮರೆವಿಗೂ ಸೆಳವಿಗೂ ತಿರುಗಿ, ರೋಗಿಯು ಕರೆದರೆ ಓಗೊಡದ ಸ್ಥಿತಿಗೆ ಇಳಿಯುವನು. ಇಲ್ಲಿಯೇ ಮೊದಲನೆಯ ಆಶ್ಚರ್ಯವಿರುವುದು. 1894ರಲ್ಲಿ ರೋಮ್ ನಗರದ ಮಾರ್ಕಿಯಾಫಾವಾ ಮತ್ತು ಬಿನ್ಯಾಮಿ ಎಂಬ ವಿದ್ವಾಂಸರು ಈ ಜ್ವರದಲ್ಲಿ ಮಡಿದವರ ಮಿದುಳನ್ನು ಸೂಕ್ಷ್ಮದರ್ಶಕದಿಂದ ನೋಡಿ, ಅದರ ಅತಿ ಸಣ್ಣ ರಕ್ತನಾಳಗಳಲ್ಲಿ ರೋಗಾಣುವನ್ನು ಹೊತ್ತ ಕೆಂಪು ಕಣಗಳು ಕಿಕ್ಕಿರಿದು ನಿಂತಿರುವುದನ್ನು ವರ್ಣಿಸಿದರು. ಅವು ನಿಂತದ್ದು ನಾಳದ ಒಳಗೆ. ನಾಳದಿಂದಾಚೆ ಮಿದುಳಿನ ಊತಕದಲ್ಲಿ ರೋಗಾಣುವಿಲ್ಲ. ಶತ್ರುವು ಕೋಟೆಯನ್ನು ಹೊಕ್ಕೇ ಇಲ್ಲ, ಬೀದಿಯಲ್ಲಿ ನಿಂತಿದ್ದಾನೆ. ಆದರೂ ಅರಮನೆಯ ದೀಪಗಳು ಆರಿಹೋಗಿವೆ. ಬೀದಿಯಿಂದ ಒಳಕ್ಕೆ ಹೋದದ್ದು ಏನು?

ಈ ಪ್ರಶ್ನೆಯನ್ನು ಬಿಡಿಸಬೇಕಾದರೆ ಮಿದುಳಿನ ನಾಳಗಳ ಸ್ವಭಾವವನ್ನು ಸ್ವಲ್ಪ ತಿಳಿಯಬೇಕು. ಪಾಲ್ ಎರ್ಲಿಖ್ ಎಂಬ ಜರ್ಮನ್ ವಿಜ್ಞಾನಿಯು 1885ರ ಸುಮಾರಿಗೆ ಪ್ರಾಣಿಗಳ ರಕ್ತಕ್ಕೆ ಬಣ್ಣಗಳನ್ನು ಸೇರಿಸಿ ನೋಡಲು, ಮೈಯೆಲ್ಲ ಬಣ್ಣವೇರಿದರೂ ಮಿದುಳು ಮಾತ್ರ ಬೆಳ್ಳಗೆಯೇ ಉಳಿಯಿತು. ಮಿದುಳಿಗೆ ಆ ಬಣ್ಣವನ್ನು ಹಿಡಿಯುವ ಗುಣವಿಲ್ಲವೆಂದು ಅವರು ಭಾವಿಸಿದರು. ಅವರ ಶಿಷ್ಯರೆಂದು ಗಣಿತರಾದ ಎಡ್ವಿನ್ ಗೋಲ್ಡ್‌ಮನ್ನರು 1913ರಲ್ಲಿ ಟ್ರಿಪಾನ್ ನೀಲಿಯೆಂಬ ಬಣ್ಣವನ್ನು ರಕ್ತಕ್ಕೆ ಹಾಕದೆ ಮಿದುಳನ್ನು ಸುತ್ತುವರಿದಿರುವ ದ್ರವಕ್ಕೇ ಹಾಕಿದರು. ಈಗ ಮಿದುಳು ನೀಲಿಯಾಯಿತು, ಮೈ ಬೆಳ್ಳಗುಳಿಯಿತು. ಗುರುವಿನ ಊಹೆಯು ಶಿಷ್ಯನ ಪ್ರಯೋಗದಿಂದ ಬಿದ್ದುಹೋಯಿತು. ಬಣ್ಣ ಹಿಡಿಯುವ ಗುಣವು ಮಿದುಳಿಗೆ ಉಂಟು. ರಕ್ತಕ್ಕೂ ಮಿದುಳಿಗೂ ನಡುವೆ ಏನೋ ಒಂದು ಅಡ್ಡಿಯಿದೆ. ಆ ಅಡ್ಡಿಯು ಎಲ್ಲಿರುವುದೆಂದು ಕಣ್ಣಾರೆ ಕಂಡದ್ದು 1967ರಲ್ಲಿ, ರೀಸ್ ಮತ್ತು ಕಾರ್ನೋವ್‌ಸ್ಕಿ ಎಂಬವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಲಿಯ ಮಿದುಳನ್ನು ಪರೀಕ್ಷಿಸಿದಾಗ. ರಕ್ತಕ್ಕೆ ಸೇರಿಸಿದ ಗುರುತಿನ ದ್ರವ್ಯವು ನಾಳದ ಒಳಮೈಯ ಕೋಶಗಳು ಒಂದನ್ನೊಂದು ಕೂಡುವ ಸಂದಿಯವರೆಗೆ ಬಂದು ಅಲ್ಲಿಯೇ ತಡೆದು ನಿಂತಿತ್ತು.

ಆದ್ದರಿಂದ ಅಡ್ಡಿಯು ಬೇರೊಂದು ಪದರವಲ್ಲ, ನಾಳವೇ ಅಡ್ಡಿ. ದೇಹದ ಉಳಿದೆಡೆಗಳಲ್ಲಿ ನಾಳದ ಒಳಮೈಯ ಕೋಶಗಳ ನಡುವೆ ಸ್ವಲ್ಪ ಎಡೆಯಿದ್ದು, ನೀರೂ ಲವಣಗಳೂ ಸಣ್ಣ ಅಣುಗಳೂ ಅದರಲ್ಲಿ ಜಿನುಗುತ್ತವೆ. ಮಿದುಳಿನಲ್ಲಿ ಹಾಗಲ್ಲ. ಕೋಶಕ್ಕೂ ಕೋಶಕ್ಕೂ ನಡುವೆ ಕ್ಲಾಡಿನ್, ಆಕ್ಲುಡಿನ್ ಮುಂತಾದ ಪ್ರೋಟೀನುಗಳು ಹೊಲಿಗೆ ಹಾಕಿದಂತೆ ಹೆಣೆದುಕೊಂಡಿವೆ. ಇವನ್ನು ಬಿಗಿಸಂಧಿಗಳೆನ್ನೋಣ, ವೈಯಾಕರಣರು ಈ ಪದಪ್ರಯೋಗವನ್ನು ಕ್ಷಮಿಸಬೇಕು, ಇಲ್ಲಿ ಲೋಪವೂ ಆದೇಶವೂ ಆಗುವುದಿದೆ. ನಾಳದ ಹೊರಮೈಯನ್ನು ಪೆರಿಸೈಟ್ ಎಂಬ ಕೋಶಗಳು ತಬ್ಬಿಕೊಂಡಿವೆ; ಅವುಗಳ ಮೇಲೆ ಆಸ್ಟ್ರೋಸೈಟ್ ಎಂಬ ನಕ್ಷತ್ರಾಕೃತಿಯ ಕೋಶಗಳು ತಮ್ಮ ಪಾದಗಳನ್ನೂರಿವೆ. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಾದ ಮಿದುಳು ದೇಹವು ಉಪಯೋಗಿಸುವ ಆಮ್ಲಜನಕದಲ್ಲಿ ಐದರಲ್ಲೊಂದು ಪಾಲನ್ನು ಬೇಡುವುದು. ಆದಕಾರಣ ಒಬ್ಬ ಮನುಷ್ಯನ ಮಿದುಳಿನ ಕಿರುನಾಳಗಳನ್ನು ಒಂದರ ತುದಿಗೊಂದು ಜೋಡಿಸಿದರೆ ಸುಮಾರು 600 ಕಿಲೋಮೀಟರು ಉದ್ದವಾದೀತೆಂದು ಲೆಕ್ಕಹಾಕಿದ್ದಾರೆ. ಮಂಗಳೂರಿನಿಂದ ಬೆಂಗಳೂರಿಗೆ ಹೋಗಿ ಬಹುಪಾಲು ಹಿಂದಿರುಗಿ ಬರುವಷ್ಟು ದಾರಿ, ಅದರುದ್ದಕ್ಕೂ ಕಾವಲು.

ಈ ಕಾವಲಿಗೆ ನಾವು ಏನೆಂದು ಹೆಸರಿಟ್ಟೆವು? ಕನ್ನಡದ ಲೇಖನಗಳಲ್ಲಿ ಸಾಮಾನ್ಯವಾಗಿ ಕಾಣುವುದು “ತಡೆಗೋಡೆ” ಎಂಬ ಮಾತು. ಲೀನಾ ಸ್ಟರ್ನ್ ಎಂಬ ವಿದುಷಿಯು 1921ರಲ್ಲಿ ಜಿನೀವಾದಲ್ಲಿ ಪ್ರಚಾರಕ್ಕೆ ತಂದ ಫ್ರೆಂಚ್ ಹೆಸರಿನ “ಬಾರಿಯೇರ್” ಎಂಬುದಾಗಲಿ, ಜರ್ಮನರು ಬಳಸುವ “ಶ್ರಾಂಕೆ” ಎಂಬುದಾಗಲಿ ಗೋಡೆಯಲ್ಲ. ರೈಲುಹಾದಿಯನ್ನು ರಸ್ತೆಯು ದಾಟುವಲ್ಲಿ ಅಡ್ಡಲಾಗಿ ಇಳಿಸಿ ಎತ್ತುವ ದೂಲಕ್ಕೆ ಜರ್ಮನರು ಶ್ರಾಂಕೆಯೆನ್ನುವರು. ಗೋಡೆಗೆ ಎರಡೇ ಅವಸ್ಥೆ: ನಿಂತಿರುವುದು, ಇಲ್ಲವೆ ಬಿದ್ದಿರುವುದು. ದೂಲಕ್ಕಾದರೋ ಒಬ್ಬ ಕಾವಲುಗಾರನುಂಟು, ಅವನಿಗೆ ಬರುವ ಸೂಚನೆಯುಂಟು. ಸೂಚನೆಯಂತೆ ಅದು ಏಳುವುದು, ಇಳಿಯುವುದು. ಮಿದುಳಿನ ನಾಳವು ಈ ಎರಡನೆಯ ಜಾತಿಯದು. 2003ರಲ್ಲಿ ಜಪಾನಿನ ಸಂಶೋಧಕರು ಕ್ಲಾಡಿನ್-5 ಎಂಬ ಒಂದೇ ಪ್ರೋಟೀನು ಇಲ್ಲದ ಇಲಿಮರಿಗಳನ್ನು ಹುಟ್ಟಿಸಿದರು. ಅವುಗಳ ನಾಳಗಳು ಒಡೆದಿರಲಿಲ್ಲ, ರಕ್ತಸ್ರಾವವಾಗಲಿಲ್ಲ, ನೋಟಕ್ಕೆ ಎಲ್ಲವೂ ಸರಿಯಾಗಿಯೇ ಇತ್ತು. ಆದರೆ 800 ಡಾಲ್ಟನ್ನಿಗಿಂತ ಹಗುರವಾದ ಅಣುಗಳು ಮಿದುಳಿನೊಳಕ್ಕೆ ನುಸುಳುತ್ತಿದ್ದವು, ಅದಕ್ಕಿಂತ ಭಾರವಾದವು ಹೊರಗೇ ಉಳಿಯುತ್ತಿದ್ದವು. ಮರಿಗಳು ಹುಟ್ಟಿದ ಕೆಲವು ಗಂಟೆಗಳಲ್ಲಿ ಸತ್ತವು. ಗೋಡೆಯೆಂಬ ಶಬ್ದದಿಂದ ಇದನ್ನು ವಿವರಿಸಲಾಗದು.

ಇನ್ನು ಸೂಚನೆಗಳ ವಿಚಾರ. ಸೊಳ್ಳೆಯು ತೋಳಿನ ಮೇಲೆ ಕಚ್ಚಿದೊಡನೆ ಏಳುವ ದದ್ದನ್ನು ನೋಡಿರಿ. ಅಲ್ಲಿ ರಕ್ತನಾಳವು ಹರಿದು ಊತ ಬಂದದ್ದಲ್ಲ. ಸೊಳ್ಳೆಯ ಜೊಲ್ಲನ್ನು ಗುರುತಿಸಿದ ಚರ್ಮದ ಕೆಲವು ಕೋಶಗಳು ಹಿಸ್ಟಮಿನ್ ಎಂಬ ದ್ರವ್ಯವನ್ನು ಉಗುಳುತ್ತವೆ. ಅದು ಸಣ್ಣ ಸಿರೆಗಳ ಒಳಮೈಯ ಕೋಶಗಳಿಗೆ ತಗುಲಿ, ಅವು ಕ್ಷಣಮಾತ್ರದಲ್ಲಿ ಕುಗ್ಗಿ ಪರಸ್ಪರ ದೂರವಾಗುತ್ತವೆ. ಆ ಎಡೆಯಿಂದ ರಕ್ತದ ನೀರು ಹೊರಬಂದು ಚರ್ಮವು ಉಬ್ಬುತ್ತದೆ. ಸ್ವಲ್ಪ ಕಾಲದಲ್ಲಿ ಎಲ್ಲವೂ ಮೊದಲಿನಂತಾಗುವುದು. ಹಿಸ್ಟಮಿನ್ನಿನ ಗುಣಗಳನ್ನು 1910ರಲ್ಲಿ ಹೆನ್ರಿ ಡೇಲ್ ಮತ್ತು ಲೇಯ್ಡ್‌ಲಾ ಎಂಬವರು ವಿವರಿಸಿದರು. 1949ರಲ್ಲಿ ಬ್ರೆಜಿಲ್ ದೇಶದ ರೋಷ ಇ ಸಿಲ್ವ ಮತ್ತು ಅವರ ಸಹೋದ್ಯೋಗಿಗಳು ಅಲ್ಲಿಯ ಒಂದು ಮಂಡಲಜಾತಿಯ ಹಾವಿನ ವಿಷದಿಂದ ರಕ್ತದಲ್ಲಿ ಹುಟ್ಟುವ ಬ್ರಾಡಿಕೈನಿನ್ ಎಂಬ ಇನ್ನೊಂದು ದ್ರವ್ಯವನ್ನು ಕಂಡರು. 1983ರಲ್ಲಿ ಗೆಡ್ಡೆರೋಗದ ಕೋಶಗಳು ಸೂಸುವ ಮತ್ತೊಂದು ದ್ರವ್ಯಕ್ಕೆ ಅದರ ಕೆಲಸವನ್ನೇ ನೋಡಿ “ನಾಳಪಾರಗಮ್ಯಕಾರಕ”ವೆಂಬ ಅರ್ಥದ ಹೆಸರಿಟ್ಟರು. ಅದೇ ಮುಂದೆ ವಿ.ಇ.ಜಿ.ಎಫ್. ಎಂದು ಪ್ರಸಿದ್ಧವಾಯಿತು. ಇವೆಲ್ಲವೂ ಬಾಗಿಲನ್ನು ತೆರೆಯುವ ಆಜ್ಞೆಗಳು. ಬಾಗಿಲನ್ನು ಬಿಗಿಯುವ ಆಜ್ಞೆಗಳೂ ಇವೆ: ಆಂಜಿಯೋಪೊಯೆಟಿನ್-1, ಕೆಂಪು ಕಣಗಳೂ ಕಿರುಫಲಕಗಳೂ ಒದಗಿಸುವ ಸ್ಫಿಂಗೋಸೀನ್ ಫಾಸ್ಫೇಟ್, ಆಸ್ಟ್ರೋಸೈಟುಗಳಿಂದ ಬರುವ ಹಲವು ದ್ರವ್ಯಗಳು. ನಾಳವು ಬಿಗಿಯಾಗಿರುವುದು ಜಡತ್ವದಿಂದಲ್ಲ. “ಬಿಗಿಯಾಗಿರು” ಎಂಬ ಸಂದೇಶವು ಎಡೆಬಿಡದೆ ಬರುತ್ತಿರುವುದರಿಂದ.

ಸಂದೇಶವು ತಲುಪಿದ ಮೇಲೆ ಕೋಶದೊಳಗೆ ನಡೆಯುವುದನ್ನು ಸಂಕ್ಷೇಪವಾಗಿ ಹೇಳುವೆನು. ಕೋಶದ ಮೇಲ್ಮೈಯಲ್ಲಿ ಪ್ರತಿ ದ್ರವ್ಯಕ್ಕೂ ಒಂದೊಂದು ಗ್ರಾಹಕವಿದೆ. ತೆರೆಯುವ ಸಂದೇಶವು ಗ್ರಾಹಕಕ್ಕೆ ತಗುಲಲು ಕೋಶದಲ್ಲಿ ಕ್ಯಾಲ್ಸಿಯಮ್ ಏರುವುದು. ಅದರಿಂದ ಸ್ನಾಯುವಿನಲ್ಲಿರುವಂಥ ಆಕ್ಟಿನ್, ಮಯೋಸಿನ್ ತಂತುಗಳು ಸೆಟೆದು ಕೋಶದ ಅಂಚನ್ನು ಒಳಕ್ಕೆ ಜಗ್ಗುವುವು. ಸಂಧಿಯ ಪ್ರೋಟೀನುಗಳು ಫಾಸ್ಫೇಟನ್ನು ಹೊತ್ತು ಸಡಿಲವಾಗಿ ಕೋಶದೊಳಕ್ಕೆ ಸರಿಯುವುವು. ಇದು ನಿಮಿಷಗಳ ಕೆಲಸ. ನಿಧಾನವಾದ ಮತ್ತೊಂದು ದಾರಿಯುಂಟು: ಟಿ.ಎನ್.ಎಫ್. ಎಂಬ ಉರಿಯೂತದ ದ್ರವ್ಯವು ಕೋಶಕೇಂದ್ರದವರೆಗೂ ಆಜ್ಞೆಯನ್ನು ಕಳುಹಿಸಿ, ಕ್ಲಾಡಿನ್-5ರ ತಯಾರಿಕೆಯನ್ನು ಇಳಿಸಿ, ಬದಲಿಗೆ ತೇಲಿಬರುವ ಕಣಗಳನ್ನು ಹಿಡಿದು ನಿಲ್ಲಿಸುವ ಐಕ್ಯಾಮ್-1 ಎಂಬ ಕೊಕ್ಕೆಗಳನ್ನು ಮೇಲ್ಮೈಗೆ ತರಿಸುವುದು. ಇದಕ್ಕೆ ಗಂಟೆಗಳು ಬೇಕು.

ಈಗ ಬೀದಿಯಲ್ಲಿ ನಿಂತ ಶತ್ರುವಿನ ಕಡೆಗೆ ಹಿಂದಿರುಗೋಣ. ಫಾಲ್ಸಿಪಾರಮ್ ಅಣುಜೀವಿಯು ಕೆಂಪು ಕಣವನ್ನು ಹೊಕ್ಕು 48 ಗಂಟೆಗಳಲ್ಲಿ ಬೆಳೆದು, ಕಣವನ್ನೊಡೆದು ಹೊರಬರುವುದು. ಈ ಕಾಲದ ಉತ್ತರಾರ್ಧದಲ್ಲಿ ಅದು ಕಣದ ಹೊರಮೈಯಲ್ಲಿ ಗುಬಟುಗಳನ್ನೆಬ್ಬಿಸಿ ಅವುಗಳಲ್ಲಿ ಅಂಟಿನಂಥ ಒಂದು ಪ್ರೋಟೀನನ್ನು ನಿಲ್ಲಿಸುವುದು. ಅದರ ಪಾಠಾಂತರಗಳು ಒಂದೊಂದು ಅಣುಜೀವಿಯ ಭಂಡಾರದಲ್ಲಿ ಸುಮಾರು 60. ಒಂದು ಪಾಠವನ್ನು ನಮ್ಮ ದೇಹವು ಗುರುತಿಸುವಷ್ಟರಲ್ಲಿ ಅದು ಇನ್ನೊಂದನ್ನು ತೊಡುವುದು. ಈ ಅಂಟಿನಿಂದ ಕಣಗಳು ಕಿರುನಾಳಗಳ ಒಳಮೈಗೆ ಹತ್ತಿಕೊಳ್ಳುತ್ತವೆ. ಬೆರಳಿನಿಂದ ತೆಗೆದ ರಕ್ತದಲ್ಲಿ ಬಲಿತ ಫಾಲ್ಸಿಪಾರಮ್ ಸಾಧಾರಣವಾಗಿ ಕಾಣದಿರುವುದಕ್ಕೆ ಇದೇ ಕಾರಣ. ಕಣಗಳು ಒಡೆದಾಗ ಅಣುಜೀವಿಯ ಮೈಮೇಲಿನ ಕೊಬ್ಬು ಸಕ್ಕರೆಗಳ ಒಂದು ಸಂಯುಕ್ತವು ರಕ್ತಕ್ಕೆ ಬೀಳುತ್ತದೆ; ನಮ್ಮ ಬಿಳಿಯ ಕಣಗಳು ಅದನ್ನು ಕಂಡು ಟಿ.ಎನ್.ಎಫ್. ಮುಂತಾದುವನ್ನು ಸುರಿಸುತ್ತವೆ. ಈ ಸಂಯುಕ್ತದ ರಚನೆಯನ್ನು ಬಿಡಿಸಿದವರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕೆಲಸಮಾಡಿದ ಡಿ. ಚನ್ನೇಗೌಡರು ಒಬ್ಬರು. ಮುಂದೆ ಮಂಗಳೂರಿನ ಮಲೇರಿಯಾವನ್ನು ಕುರಿತು 2018ರಲ್ಲಿಯೂ 2019ರಲ್ಲಿಯೂ ಪ್ರಕಟವಾದ ಸಂಶೋಧನೆಗಳಲ್ಲಿ ಇಲ್ಲಿಯ ವೈದ್ಯರೊಡನೆ ಅವರ ಹೆಸರೂ ಇರುವುದು ನಮಗೆ ಸಂತೋಷದ ಸಂಗತಿ.

ಆ 2019ರ ಲೇಖನವು ಈ ಕರಾವಳಿಯ ರೋಗಿಗಳಲ್ಲಿ ಉರಿಯೂತದ ಸಂದೇಶದ್ರವ್ಯಗಳ ಪ್ರಮಾಣಕ್ಕೂ ರಕ್ತದ ಕಿರುಫಲಕಗಳ ಇಳಿಕೆಗೂ ಇರುವ ಸಂಬಂಧವನ್ನು ಪರಿಶೀಲಿಸಿತು. ಮಲೇರಿಯಾದಲ್ಲಿ ಕಿರುಫಲಕಗಳು ಇಳಿಯುವುದನ್ನು ಮಂಗಳೂರಿನ ವೈದ್ಯರು ನಿತ್ಯವೂ ಕಾಣುತ್ತಾರೆ. ರೋಗಿಯ ಮನೆಯವರೂ ಆ ಅಂಕಿಯನ್ನೇ ಹಿಡಿದು ಹೆದರುತ್ತಾರೆ. ಸಾಮಾನ್ಯವಾಗಿ ಅದನ್ನು ರಕ್ತಸ್ರಾವದ ಭಯವೆಂದಷ್ಟೇ ಎಣಿಸುವುದುಂಟು. ಆದರೆ ಕಿರುಫಲಕವು ಬಿಗಿಯುವ ಸಂದೇಶವಾದ ಆಂಜಿಯೋಪೊಯೆಟಿನ್-1ರ ಕಣಜವೂ ಹೌದೆಂಬುದನ್ನು ನೆನೆದರೆ, ಆ ಅಂಕಿಯ ಇಳಿತಕ್ಕೆ ಇನ್ನೊಂದು ಅರ್ಥವು ಹೊಳೆಯುವುದು. ಎದುರಾಳಿಯಾದ ಆಂಜಿಯೋಪೊಯೆಟಿನ್-2 ಇರುವುದಾದರೋ ನಾಳದ ಒಳಮೈಯ ಕೋಶಗಳಲ್ಲಿಯೇ, ಸಣ್ಣ ಚೀಲಗಳಲ್ಲಿ ಕಟ್ಟಿಟ್ಟಂತೆ. ಆ ಚೀಲಗಳ ಬಾಯಿ ಬಿಚ್ಚದಂತೆ ನೋಡಿಕೊಳ್ಳುವುದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲ. ಕೆಂಪು ಕಣಗಳು ಒಡೆದು ಹಿಮೋಗ್ಲೋಬಿನ್ ರಕ್ತದಲ್ಲಿ ಬಿಡಿಯಾಗಿ ತೇಲಿದಾಗ ಅದು ಈ ಅನಿಲವನ್ನು ಹೀರಿಬಿಡುವುದು. ಕಾವಲು ತಪ್ಪಿತು, ಚೀಲ ಬಿಚ್ಚಿತು. ಆಂಜಿಯೋಪೊಯೆಟಿನ್-1 ಮತ್ತು 2 ಒಂದೇ ಗ್ರಾಹಕದ ಮೇಲೆ ಕೂರತಕ್ಕವಾದ್ದರಿಂದ, ಎರಡನೆಯದು ಹೆಚ್ಚಿದಷ್ಟೂ ಮೊದಲನೆಯದರ ಮಾತು ಕೇಳಿಸದೆ ಹೋಗುವುದು. ಇಂಡೋನೇಷಿಯಾದ ಪಾಪುವಾ ಪ್ರಾಂತದ ವಯಸ್ಕ ರೋಗಿಗಳಲ್ಲಿ ರೋಗದ ತೀವ್ರತೆಯೊಡನೆ ಆಂಜಿಯೋಪೊಯೆಟಿನ್-2 ಏರುವುದನ್ನು 2008ರಲ್ಲಿ ಅಳೆದು ತೋರಿಸಿದರು.

ಎಲ್ಲಕ್ಕಿಂತ ಕುತೂಹಲಕರವಾದುದು 2013ರಲ್ಲಿ ಬೆಳಕಿಗೆ ಬಂದ ವಿಷಯ. ಆವರೆಗೆ ಒಂದು ತೊಡಕಿತ್ತು: ಫಾಲ್ಸಿಪಾರಮ್ ಅಂಟಿಕೊಳ್ಳಲು ಬಹುತರವಾಗಿ ಬಳಸುವ ಸಿ.ಡಿ.36 ಎಂಬ ಗ್ರಾಹಕವು ಮಿದುಳಿನ ನಾಳಗಳಲ್ಲಿ ಇಲ್ಲವೆನ್ನುವಷ್ಟು ವಿರಳ. ಹಾಗಿದ್ದರೆ ಅಲ್ಲಿ ಅದು ಹಿಡಿಯುವುದು ಏನನ್ನು? ತೀವ್ರರೋಗವನ್ನುಂಟುಮಾಡುವ ಅಣುಜೀವಿಗಳ ಅಂಟು ಇ.ಪಿ.ಸಿ.ಆರ್. ಎಂಬ ಗ್ರಾಹಕಕ್ಕೆ ಹತ್ತುವುದೆಂದು ಆ ವರ್ಷ ತಿಳಿಯಿತು. ಈ ಗ್ರಾಹಕಕ್ಕೆ ಸ್ವಂತದ ಒಂದು ಕೆಲಸವಿದೆ. ರಕ್ತದಲ್ಲಿ ಪ್ರೋಟೀನ್-ಸಿ ಎಂಬುದೊಂದುಂಟು. ಅದು ಈ ಗ್ರಾಹಕದ ಮೇಲೆ ಕುಳಿತು ಚುರುಕುಗೊಂಡು, ಪಕ್ಕದಲ್ಲಿರುವ ಪಾರ್-1 ಎಂಬ ಇನ್ನೊಂದು ಗ್ರಾಹಕವನ್ನು ಕತ್ತರಿಸಿ ಕೋಶಕ್ಕೆ “ಬಿಗಿಯಾಗಿರು” ಎಂಬ ಸಂದೇಶವನ್ನು ಕೊಡುವುದು. ರಕ್ತವನ್ನು ಹೆಪ್ಪುಗಟ್ಟಿಸುವ ಥ್ರಾಂಬಿನ್ ಕೂಡ ಈ ಪಾರ್-1ನ್ನೇ ಕತ್ತರಿಸುವುದು. ಆದರೆ ಆಗ ಹೊರಡುವ ಸಂದೇಶವು “ಸಡಿಲಾಗು” ಎಂಬುದು. ಗ್ರಾಹಕವು ಒಂದೇ, ಕೋಶವು ಒಂದೇ, ಕತ್ತರಿಸುವ ಕ್ರಿಯೆಯೂ ಒಂದೇ. ಅರ್ಥವು ಹೇಗೆ ವಿರುದ್ಧವಾಯಿತು? ಥ್ರಾಂಬಿನ್ ಕತ್ತರಿಸುವುದು ಸರಪಳಿಯ 41ನೆಯ ಕೊಂಡಿಯಲ್ಲಿ, ಪ್ರೋಟೀನ್-ಸಿ ಕತ್ತರಿಸುವುದು 46ನೆಯ ಕೊಂಡಿಯಲ್ಲಿ. ಅಲಂಕಾರಶಾಸ್ತ್ರವನ್ನು ಪಾಠಹೇಳುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇದು ಸಭಂಗಶ್ಲೇಷ. ಅಕ್ಷರಗಳ ಸಾಲು ಅದೇ ಆದರೂ ಪದಚ್ಛೇದವನ್ನು ಐದಕ್ಷರದಷ್ಟು ಆಚೆಗೆ ಸರಿಸಿದಾಗ ವಾಕ್ಯವು ತಿರುಗಿ ನಿಲ್ಲುವುದು.

ಮಲೇರಿಯಾದ ಕಣವು ಇ.ಪಿ.ಸಿ.ಆರ್. ಗ್ರಾಹಕದ ಮೇಲೆ ಕುಳಿತುಬಿಟ್ಟರೆ ಪ್ರೋಟೀನ್-ಸಿಗೆ ಎಡೆಯಿಲ್ಲ. ಮೊದಲನೆಯ ಪದಚ್ಛೇದವು ತಪ್ಪಿ ಥ್ರಾಂಬಿನ್ನಿನದೊಂದೇ ಉಳಿಯುವುದು. ಮಿದುಳಿನ ನಾಳಗಳಲ್ಲಿ ಈ ಗ್ರಾಹಕಗಳು ಮೊದಲೇ ಕಡಮೆ. ಮಲಾವಿ ದೇಶದಲ್ಲಿ ಈ ರೋಗದಿಂದ ಮಡಿದ ಮಕ್ಕಳ ಮಿದುಳಿನಲ್ಲಿ, ಕಣಗಳು ಅಂಟಿದ್ದೆಡೆಯಲ್ಲಿ ಇ.ಪಿ.ಸಿ.ಆರ್. ಕರಗಿಹೋಗಿದ್ದುದೂ ಅಲ್ಲಿ ರಕ್ತವು ಹೆಪ್ಪುಗಟ್ಟಿದ್ದುದೂ ಕಂಡುಬಂದಿತು. ಉಳಿದ ಅಂಗಗಳಲ್ಲಿ ಕಣಗಳು ಅಂಟಿದರೂ ಆಗದ ಅನರ್ಥವು ಮಿದುಳಿನಲ್ಲಿಯೇ ಆಗುವುದೇಕೆಂಬ ಹಳೆಯ ಪ್ರಶ್ನೆಗೆ ಇದಕ್ಕಿಂತ ಸಮರ್ಪಕವಾದ ಉತ್ತರವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಶತ್ರುವು ಒಳಹೊಗಲಿಲ್ಲ, ಕಾವಲುಗಾರನಿಗೆ ಬರಬೇಕಾದ ಓಲೆಯನ್ನು ದಾರಿಯಲ್ಲಿ ತಡೆದನು.

ಈ ತಿಳಿವಳಿಕೆ ಇಲ್ಲದಿದ್ದಾಗ ಚಿಕಿತ್ಸೆಯು ಹಿಡಿದ ದಾರಿಯನ್ನು ಹೇಳಬೇಕು. ಏಕೆಂದರೆ ಇಲ್ಲಿ ಪ್ರಾಣದ ಪ್ರಶ್ನೆಯಿದೆ. ಮಿದುಳಿನ ಗೆಡ್ಡೆಗಳ ಸುತ್ತ ಬರುವ ಊತವು ಡೆಕ್ಸಾಮೆಥಸೋನ್ ಎಂಬ ಔಷಧದಿಂದ ಬೇಗ ಇಳಿಯುವುದು. 1960ರ ದಶಕದಿಂದ ವೈದ್ಯರಿಗೆ ಇದು ಕರಗತವಾಗಿತ್ತು. ಮಲೇರಿಯಾದಲ್ಲಿಯೂ ನಾಳವು ಜಿನುಗುವುದಲ್ಲವೆ, ಗೋಡೆಯ ಬಿರುಕನ್ನು ಈ ಮದ್ದಿನಿಂದಲೇ ಮುಚ್ಚೋಣವೆಂದು ಅನೇಕರು ಅದನ್ನು ಕೊಡುತ್ತಿದ್ದರು. 1982ರಲ್ಲಿ ಡೇವಿಡ್ ವಾರೆಲ್ ಮತ್ತು ಸಹೋದ್ಯೋಗಿಗಳು ಥೈಲೆಂಡಿನಲ್ಲಿ ಎಚ್ಚರ ತಪ್ಪಿದ 100 ರೋಗಿಗಳ ಮೇಲೆ ಮಾಡಿದ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಔಷಧದಿಂದ ಸಾವು ಕಡಮೆಯಾಗಲಿಲ್ಲ. ಬದುಕಿದವರ ಮೈಮರೆವು ಸರಾಸರಿ 47 ಗಂಟೆಗಳಿಂದ 63 ಗಂಟೆಗಳಿಗೆ ಬೆಳೆಯಿತು. ಗೆಡ್ಡೆಯಲ್ಲಿ ನಾಳವನ್ನು ತೆರೆಯುವ ಆಜ್ಞೆ ಬೇರೆ, ಮಲೇರಿಯಾದಲ್ಲಿ ಬೇರೆ. ಊತವೆಂಬ ಫಲವೊಂದನ್ನೇ ನೋಡಿ ಒಂದೇ ಮದ್ದನ್ನು ಹಾಕಿದ್ದು ತಪ್ಪಾಯಿತು. ಮಿದುಳಿನ ನೀರನ್ನು ಸೆಳೆಯುವ ಮ್ಯಾನಿಟಾಲ್ ಎಂಬುದನ್ನು ಒಡಿಶಾದ ರೂರ್ಕೆಲಾದಲ್ಲಿ ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ಫಲವೂ ಹಾಗೆಯೇ: ಪ್ರಯೋಜನವಿಲ್ಲ, ಮೈಮರೆವು ಉದ್ದವಾಯಿತು.

ಸಂದೇಶವನ್ನೇ ಹಿಡಿಯುವ ಪ್ರಯತ್ನವೂ ನಡೆಯಿತು. ಟಿ.ಎನ್.ಎಫ್. ಅಪರಾಧಿಯೆಂದು ತೋರಿದ್ದರಿಂದ ಅದನ್ನು ನಿರ್ವೀರ್ಯಗೊಳಿಸುವ ಪ್ರತಿಕಾಯವನ್ನು ಗ್ಯಾಂಬಿಯಾ ದೇಶದ 610 ಮಕ್ಕಳಲ್ಲಿ ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಲೆಕ್ಕದಂತೆ ಅದನ್ನು ಪಡೆದವರಲ್ಲಿ ನೂರಕ್ಕೆ 19.9, ಪಡೆಯದವರಲ್ಲಿ 21.5 ಮಂದಿ ತೀರಿಕೊಂಡರು, ಇದನ್ನು ಅಂತರವೆನ್ನಲಾಗದು. ಬದುಕಿ ಉಳಿದವರಲ್ಲಿ ನರಗಳ ಊನವು ನೂರಕ್ಕೆ 2.2 ಇರಬೇಕಾದೆಡೆ 6.8ಕ್ಕೆ ಏರಿತು. ಜ್ವರವನ್ನು ಇಳಿಸಿದ ಮದ್ದು ಮಕ್ಕಳಿಗೆ ಕೇಡನ್ನೇ ತಂದಿತು. ಒಂದೇ ಓಲೆಯು ಒಬ್ಬನಿಗೆ ಬಾಗಿಲು ತೆರೆಯೆಂದೂ ಇನ್ನೊಬ್ಬನಿಗೆ ಶತ್ರುವನ್ನು ಕೊಲ್ಲೆಂದೂ ಹೇಳುತ್ತಿರುವಾಗ ಓಲೆಯನ್ನು ಹರಿದು ಹಾಕಿದರೆ ಎರಡೂ ನಿಲ್ಲುವುವು. ಹೀಗೆಂದು ನಾನು ಊಹಿಸುತ್ತೇನೆ. ಗ್ಯಾಂಬಿಯಾದ ಪರೀಕ್ಷೆಯೊಂದರಿಂದಲೇ ಕಾರಣವು ಸಿದ್ಧವಾಗದು.

ನಾಳವು ಜಿನುಗುವುದರಿಂದ ಸಾವು ಬರುವುದೆಂಬುದಕ್ಕೆ ಮಲಾವಿಯ ಬ್ಲಾಂಟೈರ್ ನಗರದಲ್ಲಿ ಕಾಂತೀಯ ಛಾಯಾಚಿತ್ರಗಳಿಂದ ಪ್ರಮಾಣ ದೊರೆಯಿತು. 2015ರಲ್ಲಿ ಪ್ರಕಟವಾದ ಆ ಸಂಶೋಧನೆಯಲ್ಲಿ 168 ಮಕ್ಕಳ ಮಿದುಳನ್ನು ನೋಡಿದ್ದರು. ತೀರಿಕೊಂಡ 25 ಮಕ್ಕಳಲ್ಲಿ 21 ಮಂದಿಗೆ ಮಿದುಳು ತೀವ್ರವಾಗಿ ಊದಿತ್ತು. ಬದುಕಿದ 143 ಮಕ್ಕಳಲ್ಲಿ ಹಾಗಿದ್ದುದು 39 ಮಂದಿಗೆ. ತಲೆಬುರುಡೆಯು ಹಿಗ್ಗದು, ಊದಿದ ಮಿದುಳು ಕೆಳಕ್ಕೆ ಒತ್ತಿ ಉಸಿರಾಟದ ಕೇಂದ್ರವನ್ನು ಅಮುಕುವುದು. ಆದರೆ ನನ್ನ ವಾದಕ್ಕೆ ಮುಖ್ಯವಾದುದು ಆ 39 ಮಕ್ಕಳ ಕಥೆ. ಅವರ ಮಿದುಳಿನ ಊತವು ಕೆಲವೇ ದಿನಗಳಲ್ಲಿ ತಾನಾಗಿ ಇಳಿದುಹೋಯಿತು. ರೂರ್ಕೆಲಾದ ವಯಸ್ಕ ರೋಗಿಗಳಲ್ಲಿಯೂ ಊತವು ಹೀಗೆಯೇ ಶೀಘ್ರವಾಗಿ ಹಿಂದಿರುಗುವುದನ್ನು 2017ರಲ್ಲಿ ವರದಿಮಾಡಿದ್ದಾರೆ. ವಯಸ್ಕರ ಸಾವಿನಲ್ಲಿ ಊತದ ಪಾತ್ರವು ಮಕ್ಕಳಲ್ಲಿರುವಷ್ಟು ಪ್ರಧಾನವಲ್ಲವೆಂದೂ ತೋರುತ್ತದೆ. ಬಿದ್ದ ಗೋಡೆಯು ಮೂರು ದಿನಗಳಲ್ಲಿ ತಾನೇ ಏಳುವುದುಂಟೆ? ಎದ್ದದ್ದು ದೂಲ, ಇಳಿದದ್ದೂ ದೂಲ.

ಸದ್ಯಕ್ಕೆ ವೈದ್ಯರು ಬಾಗಿಲನ್ನು ಮುಚ್ಚಲು ಹೋಗುವುದಿಲ್ಲ. ಬೀದಿಯಲ್ಲಿ ನಿಂತವನನ್ನು ಕೊಲ್ಲುವರು. ಏಷ್ಯದ ನಾಲ್ಕು ದೇಶಗಳ 1461 ರೋಗಿಗಳಲ್ಲಿ ಕ್ವಿನೀನಿಗೂ ಆರ್ಟೆಸುನೇಟಿಗೂ ನಡೆದ ಹೋಲಿಕೆಯ ಫಲವು 2005ರಲ್ಲಿ ಪ್ರಕಟವಾಯಿತು: ಕ್ವಿನೀನ್ ಪಡೆದವರಲ್ಲಿ ನೂರಕ್ಕೆ 22, ಆರ್ಟೆಸುನೇಟ್ ಪಡೆದವರಲ್ಲಿ ನೂರಕ್ಕೆ 15 ಮಂದಿ ತೀರಿಕೊಂಡರು. ಕಣದ ಮೈಮೇಲೆ ಅಂಟು ಏಳುವುದಕ್ಕೆ ಮುಂಚೆಯೇ, ಎಳೆಯ ಸ್ಥಿತಿಯಲ್ಲಿಯೇ, ಅಣುಜೀವಿಯನ್ನು ಕೊಲ್ಲುವುದರಿಂದ ಆರ್ಟೆಸುನೇಟು ಮೇಲಾಯಿತು. ಮಂಗಳೂರಿನ ಆಸ್ಪತ್ರೆಗಳಲ್ಲಿಯೂ ತೀವ್ರರೋಗಿಗೆ ಸಿರೆಯ ಮೂಲಕ ಕೊಡುವುದು ಇದನ್ನೇ. ಆದರೂ ನೂರಕ್ಕೆ ಹದಿನೈದು ಉಳಿಯಿತಲ್ಲ. ಮದ್ದು ಕೆಲಸಮಾಡುವ ಮುನ್ನ ಬಂದ ಓಲೆಗಳು ಆಗಲೇ ಬಾಗಿಲನ್ನು ತಲುಪಿರುತ್ತವೆ. ಆ ಹದಿನೈದರ ಸಲುವಾಗಿಯೇ ಆಂಜಿಯೋಪೊಯೆಟಿನ್, ನೈಟ್ರಿಕ್ ಆಕ್ಸೈಡ್, ಪ್ರೋಟೀನ್-ಸಿಗಳ ಮೇಲೆ ಸಂಶೋಧನೆಯು ನಡೆಯುತ್ತಿರುವುದು.

ಕೊನೆಯದಾಗಿ, ಮೊದಲು ಎತ್ತಿದ ಶಬ್ದದ ವಿಚಾರ. ಪಾರಗಮ್ಯತೆಯೆಂಬುದು ಅರ್ಥದಲ್ಲಿ ಸರಿಯಾಗಿಯೇ ಇದೆ. ಅದನ್ನು ಬಿಡಬೇಕೆಂದು ಹೇಳೆನು. “ತಡೆಗೋಡೆ”ಯನ್ನು ಮಾತ್ರ ಬಿಡುವುದು ಲೇಸು. ದಕ್ಷಿಣ ಕನ್ನಡದ ಹಿತ್ತಲುಗಳಲ್ಲಿ ಬೇಲಿಯ ನಡುವೆ ತಡಮೆಯೆಂಬುದೊಂದು ಉಂಟು: ಮನುಷ್ಯರು ಕಾಲೆತ್ತಿ ದಾಟಬಹುದು, ದನಗಳು ದಾಟಲಾರವು. ಮಲೆನಾಡಿನವರ ಉಣುಗೋಲಿನಲ್ಲಾದರೆ ಅಡ್ಡಕೋಲುಗಳನ್ನು ಒಂದೊಂದಾಗಿ ಸರಿಸಿ, ಬೇಕಾದಷ್ಟೇ ತೆರೆದು, ಮತ್ತೆ ಹಾಕಬಹುದು. ಕೆಲವನ್ನು ಬಿಟ್ಟು ಕೆಲವನ್ನು ತಡೆಯುವ ಗುಣಕ್ಕೆ ಮೊದಲನೆಯದೂ, ಸೂಚನೆಯಂತೆ ಸಡಿಲವಾಗುವ ಗುಣಕ್ಕೆ ಎರಡನೆಯದೂ ಒಪ್ಪುವುವು. “ಮಿದುಳಿನ ತಡಮೆ” ಎಂದರೆ ಗ್ರಾಮ್ಯವಾದೀತೆ, ಅಥವಾ ಘಟ್ಟದ ಮೇಲಿನವರಿಗೆ ಅಪರಿಚಿತವಾದೀತೆ ಎಂಬುದನ್ನು ನಿಘಂಟಿನ ಕೆಲಸದಲ್ಲಿ ತೊಡಗಿರುವ ವಿದ್ವಾಂಸರು ಯೋಚಿಸಿ ತಿಳಿಸಬೇಕೆಂದು ಬೇಡುತ್ತೇನೆ.